ಮಿಕ್ಸಿ ಸುಟ್ಟಿತು, ಕಾರ್ಡ್ ಇತ್ತು, ವಾರಂಟಿ ಸಿಗಲಿಲ್ಲ

(ಪಾಡ್‌ಕಾಸ್ಟ್‌ನ ಅಕ್ಷರ ರೂಪ)

ಶುರು ಮಾಡೋ ಮುಂಚೆ ನಿಮಗೊಂದು ಕೆಲಸ ಕೊಡ್ತೀನಿ. ಮನೆಯಲ್ಲಿದ್ದರೆ ಅಡುಗೆಮನೆಗೆ ಹೋಗಿ, ಮಿಕ್ಸಿ ಪ್ಲಗ್ ತೆಗೆದು, ಅದನ್ನ ಮಗುಚಿ ತಳ ನೋಡಿ. ಅಲ್ಲೊಂದು ಸಣ್ಣ ಬಟನ್ ಇರತ್ತೆ, ಹೆಚ್ಚಾಗಿ ಕೆಂಪು ಬಣ್ಣದ್ದು. ಓವರ್‌ಲೋಡ್ ಬಟನ್ ಅಂತಾರೆ. ಜಾರಿಗೆ ಜಾಸ್ತಿ ತುಂಬಿಸಿದಾಗ, ಮೋಟರ್ ಬಿಸಿಯಾದಾಗ ಅದು ಹೊರಗೆ ಹಾರಿ ಕರೆಂಟ್ ಕಟ್ ಮಾಡತ್ತೆ. ಹತ್ತಿಪ್ಪತ್ತು ನಿಮಿಷ ತಣ್ಣಗಾಗೋಕೆ ಬಿಟ್ಟು, ಒಳಗೆ ಒತ್ತಿದರೆ ಮಿಕ್ಸಿ ಮತ್ತೆ ಓಡತ್ತೆ. ಇಷ್ಟೇ.

ಹೊನ್ನಾವರದ ಒಬ್ಬರು ರಿಪೇರಿ ಅಂಗಡಿಯವರು ನನಗೆ ಹೇಳಿದ್ದು: ಚೌತಿ ಹತ್ತಿರ ಬಂತು ಅಂದ್ರೆ ಚೀಲದಲ್ಲಿ ಮಿಕ್ಸಿ ಹಾಕ್ಕೊಂಡು ಬಸ್ ಹತ್ತಿ ಬರ್ತಾರಂತೆ ಜನ. ಅದರಲ್ಲಿ ಎಷ್ಟೋ ಮಿಕ್ಸಿಗೆ ಬೇಕಾಗಿರೋದು ಆ ಬಟನ್ ಒತ್ತೋದು ಮಾತ್ರ. "ದುಡ್ಡು ಕೇಳೂಕೂ ನಾಚಿಕೆ ಆಗ್ತದೆ, ಆದ್ರೆ ಅವ್ರು ಅಷ್ಟು ದೂರದಿಂದ ಬಂದಿರ್ತ್ರು" ಅಂದ್ರು. ದುಡ್ಡು ತಗೊಳ್ತಾರೋ ಇಲ್ವೋ ನಾನು ಕೇಳಲಿಲ್ಲ.

ನಮ್ಮ ಮನೆ ಮಿಕ್ಸಿಯ ಕತೆ ಮಾತ್ರ ಬಟನ್ ಒತ್ತಿ ಮುಗಿಯೋದಾಗಿರಲಿಲ್ಲ. ಅದನ್ನೇ ಇವತ್ತು ಹೇಳ್ತೀನಿ.

ನಮ್ಮದು ಕುಮಟಾ ತಾಲೂಕಿನ ಒಂದು ಹಳ್ಳಿ. ಆಯಿ ಮನೆಯಲ್ಲೇ ಸಾಂಬಾರ್ ಪುಡಿ, ಮೀನು ಮಸಾಲೆ, ಚಟ್ನಿಪುಡಿ ಮಾಡಿ ಪ್ಯಾಕೆಟ್ ಕಟ್ಟಿ ಕೊಡ್ತಾಳೆ. ದೊಡ್ಡ ವ್ಯಾಪಾರ ಏನಲ್ಲ. ಪೇಟೆಯ ಎರಡು ಅಂಗಡಿ, ಜೊತೆಗೆ ಬೆಂಗಳೂರಲ್ಲಿರೋ ನೆಂಟರು. ಆ ದುಡ್ಡಲ್ಲೇ ನನ್ನ ಬಿಕಾಂ ಫೀಸಿನ ಒಂದು ಭಾಗ ಕಟ್ಟಿದ್ದು, ಅದನ್ನ ನಾನು ಮರೆಯೋ ಹಾಗಿಲ್ಲ. ಹಳೇ ಮಿಕ್ಸಿ ಕೈಕೊಟ್ಟಾಗ ನಾನೇ 4,200 ರೂಪಾಯಿ ಕೊಟ್ಟು 750 ವಾಟ್‌ನ ಹೊಸದು ತಂದೆ. ಡಬ್ಬಿ ಮೇಲೆ ದಪ್ಪಕ್ಷರದಲ್ಲಿ "5 ವರ್ಷ ವಾರಂಟಿ" ಅಂತಿತ್ತು. ಬಿಲ್ ತಗೊಂಡೆ, ಕಾರ್ಡಿಗೆ ಅಂಗಡಿಯ ಸೀಲ್ ಹಾಕಿಸಿದೆ. ಕಾಮರ್ಸ್ ಓದಿದವಳು ನಾನು, ಎಲ್ಲಾ ಸರಿಯಾಗಿ ಮಾಡಿದ್ದೀನಿ ಅನ್ನೋ ಜಂಬ ಬೇರೆ.

14ನೇ ತಿಂಗಳಲ್ಲಿ ಮೋಟರ್ ಸುಟ್ಟ ವಾಸನೆ ಬಂತು. ಕಂಪನಿಗೆ ಫೋನ್ ಮಾಡಿ ದೂರು ಕೊಟ್ಟೆ. ಒಂದು ವಾರ ಆದಮೇಲೆ ಒಬ್ಬ ಹುಡುಗ ಬಂದ. ಬಿಚ್ಚಿ ನೋಡೋದಕ್ಕೂ ಮುಂಚೆ ಅವನ ಕಣ್ಣು ಹೋಗಿದ್ದು ಮೂಲೆಯಲ್ಲಿದ್ದ ಪ್ಯಾಕೆಟ್‌ಗಳ ಕಡೆ.

"ಅಮ್ಮ, ಇದು ಮನೆ ಬಳಕೆಗಾ, ಬಿಸಿನೆಸ್‌ಗಾ?"

ಆಯಿ ಹೇಳಿದ್ಲು, "ಮನೆಗೂ ಮಾಡ್ತೆ, ಮಾರೂಕೂ ಮಾಡ್ತೆ ಮಾರಾಯಾ."

ಅವನು ತನ್ನ ಮೊಬೈಲಲ್ಲಿ ಏನೋ ಒತ್ತಿದ. "ಕಮರ್ಷಿಯಲ್ ಯೂಸ್, ವಾರಂಟಿ ಬರೋದಿಲ್ಲ" ಅಂದ. ಅಷ್ಟಕ್ಕೇ ನಮ್ಮ ದೂರು ಕ್ಲೋಸ್ ಆಯ್ತು. ಸಂಜೆ ನಾನು ಮನೆಗೆ ಬಂದು ಕೂಗಾಡಿದೆ, ಮನೆಗೆ ಮಾತ್ರ ಅಂತ ಹೇಳೋಕೆ ಆಗ್ತಿರ್ಲಿಲ್ವಾ ಅಂತ. ಆಯಿ ಸುಮ್ಮನೆ ನೋಡಿ, "ಸುಳ್ಳು ಎಂತಕ್ಕೆ ಹೇಳೂದು? ನಾನು ಕದ್ದು ಮಾಡ್ತಿದ್ನಾ?" ಅಂದ್ಲು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಆಮೇಲೆ ಕಾರ್ಡ್ ತೆಗೆದು ಮೊದಲ ಸಲ ಪೂರ್ತಿ ಓದಿದೆ. ಕೊಳ್ಳುವಾಗ ಓದಿದ್ದು ಮುಂದಿನ ಪುಟ ಮಾತ್ರ. ಷರತ್ತೆಲ್ಲ ಹಿಂದಿನ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ.

ಡಬ್ಬಿ ಮೇಲಿನ "5 ವರ್ಷ" ಇತ್ತಲ್ಲ, ಅದು ಮೋಟರಿಗೆ ಮಾತ್ರ. ಇಡೀ ಮಿಕ್ಸಿಗೆ ಇದ್ದಿದ್ದು 2 ವರ್ಷ. ನಮ್ಮ ಮಾರ್ಕೆಟ್‌ನಲ್ಲಿ ಸಿಗೋ ಬಹಳಷ್ಟು ಮಿಕ್ಸಿಗಳ ಲೆಕ್ಕ ಹೀಗೇ. 2 ವರ್ಷ ಕಳೆದ ಮೇಲೆ ಮೋಟರ್ ಹೋದರೆ ಮೋಟರ್ ಪುಕ್ಕಟೆ ಸಿಗಬಹುದು, ಆದರೆ ಅದನ್ನ ಕೂರಿಸೋ ಕೂಲಿ, ಮನೆಗೆ ಬಂದರೆ ವಿಸಿಟ್ ಚಾರ್ಜ್, ಎರಡೂ ನಿಮ್ಮ ಮೇಲೆ. ಜಾರ್, ಬ್ಲೇಡು, ಜಾರಿನ ಅಡಿಯಲ್ಲಿ ತಿರುಗೋ ಕಪ್ಲರ್, ಮುಚ್ಚಳದ ರಬ್ಬರ್, ಮೋಟರಿನೊಳಗಿನ ಕಾರ್ಬನ್ ಬ್ರಷ್ ಇವೆಲ್ಲ "ಸವೆಯುವ ಭಾಗ" ಅಂತ ಪಟ್ಟಿ ಮಾಡಿ ಹೊರಗಿಟ್ಟಿರ್ತಾರೆ. ತಮಾಷೆ ಏನು ಗೊತ್ತಾ? ಮಿಕ್ಸಿಯಲ್ಲಿ ಮೊದಲು ಹೋಗೋದೇ ಇವು. ಇನ್ನೊಂದು ಸಾಲು ಇರತ್ತೆ, ಅದನ್ನ ಯಾರೂ ಗಮನಿಸಲ್ಲ. ವಾರಂಟಿಯಲ್ಲಿ ಒಂದು ಭಾಗ ಬದಲಿಸಿ ಕೊಟ್ಟರೆ ಆ ಹೊಸ ಭಾಗಕ್ಕೆ ಹೊಸ 2 ವರ್ಷ ಸಿಗಲ್ಲ, ಹಳೇ ಅವಧಿಯಲ್ಲಿ ಉಳಿದಷ್ಟೇ ಸಿಗತ್ತೆ.

ಜೊತೆಗೆ "30 ನಿಮಿಷ ರೇಟಿಂಗ್" ಅಂತ ಬರೆದಿರತ್ತೆ. ಅರ್ಧ ಗಂಟೆ ನಿಲ್ಲಿಸದೆ ಓಡಿಸಬಹುದು ಅಂತ ನಾನೂ ಅಂದ್ಕೊಂಡಿದ್ದೆ. ಹಾಗಲ್ಲ. ಸಾಮಾನ್ಯವಾಗಿ ಅದರ ಅರ್ಥ 5 ನಿಮಿಷ ಓಡಿಸಿ, 2 ನಿಮಿಷ ನಿಲ್ಲಿಸಿ, ಮತ್ತೆ 5 ನಿಮಿಷ ಅಂತ. ಆಯಿ ಒಣಮೆಣಸು, ಕೊತ್ತಂಬರಿ ಪುಡಿ ಮಾಡುವಾಗ ನಿಲ್ಲಿಸ್ತಿದ್ಲಾ? ಖಂಡಿತ ಇಲ್ಲ. ಒಂದು ಬ್ಯಾಚ್ ಮುಗಿದ ತಕ್ಷಣ ಇನ್ನೊಂದು. ಹಾಗಾಗಿ ತಪ್ಪೆಲ್ಲಾ ಕಂಪನಿದೇ ಅಂತ ನಾನು ಹೇಳ್ತಿಲ್ಲ. ಆದರೆ ಆ ಹುಡುಗ ಮೋಟರ್ ಬಿಚ್ಚಿ, ಓವರ್‌ಹೀಟ್ ಆಗಿದೆ ಅಂತ ತೋರಿಸಿ ಇಲ್ಲ ಅಂದಿದ್ದರೆ ಅದು ಒಂದು ಮಾತು. ಪ್ಯಾಕೆಟ್ ನೋಡಿ ಇಲ್ಲ ಅಂದಿದ್ದು ಬೇರೆ ಮಾತು.

ಈಗ ನಮ್ಮ ಕರಾವಳಿಗೇ ಸೇರಿದ ಎರಡು ಮೂರು ತಲೆನೋವಿಗೆ ಬರ್ತೀನಿ.

ಒಂದು ಮಳೆಗಾಲ. ಜೂನ್ ಬಂತು ಅಂದ್ರೆ ಗಾಳಿಗೆ ಮರ ಬೀಳತ್ತೆ, ಲೈನ್ ಹರಿಯತ್ತೆ, ಹೆಸ್ಕಾಂನವರು ಮಳೆಯಲ್ಲೇ ಕಂಬ ಹತ್ತುತ್ತಾರೆ. ಕರೆಂಟ್ ಹೋಗೋದು ತೊಂದರೆ ಅಲ್ಲ, ಬರುವಾಗ ಒಮ್ಮೆಲೇ ಜಾಸ್ತಿ ವೋಲ್ಟೇಜ್ ಬಂದರೆ ತೊಂದರೆ. ವಾರಂಟಿ ಕಾರ್ಡ್‌ಗಳಲ್ಲಿ ವೋಲ್ಟೇಜ್ ಏರುಪೇರು, ಸಿಡಿಲು, ನೀರು ಒಳಗೆ ಹೋಗಿದ್ದು, ಇಲಿ, ಜಿರಳೆ, ಇರುವೆ ಎಲ್ಲವನ್ನೂ ಸಾಮಾನ್ಯವಾಗಿ ಹೊರಗಿಟ್ಟಿರ್ತಾರೆ. ಉಪ್ಪು ಗಾಳಿಗೆ ಸ್ಕ್ರೂ ತುಕ್ಕು ಹಿಡಿಯೋದೂ ಅಷ್ಟೇ. ಇಂಡಕ್ಷನ್ ಒಲೆ, ಎಲೆಕ್ಟ್ರಿಕ್ ಕೆಟಲ್ ಇದ್ದವರು ಮಳೆಗಾಲದಲ್ಲಿ ಕರೆಂಟ್ ಹೋದ ತಕ್ಷಣ ಪ್ಲಗ್ ಕೀಳೋ ಅಭ್ಯಾಸ ಮಾಡ್ಕೊಳ್ಳಿ, ವಾರಂಟಿಗಿಂತ ಅದೇ ಗಟ್ಟಿ. ಇಂಡಕ್ಷನ್ನಿನ ಗಾಜು ಒಡೆದರೆ ಯಾವ ಕಾರ್ಡನ್ನೂ ಹುಡುಕೋಕೆ ಹೋಗಬೇಡಿ.

ಎರಡನೇದು ಭಟ್ಕಳದ ಕೇಳುಗರಿಗೆ ಚೆನ್ನಾಗಿ ಗೊತ್ತು. ದುಬೈನಿಂದ ಬಂದ ಸಾಮಾನು. ಭಟ್ಕಳದಲ್ಲಿ ಗಲ್ಫ್‌ನಲ್ಲಿ ದುಡಿಯೋ ಒಬ್ಬರಾದರೂ ಇಲ್ಲದ ಮನೆ ಹುಡುಕೋದು ಕಷ್ಟ. ರಜಕ್ಕೆ ಬರುವಾಗ ಬ್ಲೆಂಡರ್, ಫುಡ್ ಪ್ರೊಸೆಸರ್, ಏರ್ ಫ್ರೈಯರ್ ತರ್ತಾರೆ. ನನ್ನ ಕಾಲೇಜ್ ಗೆಳತಿಯ ಮನೆಗೆ ಅವಳ ಅಣ್ಣ ಒಂದು ಒಳ್ಳೇ ಬ್ಲೆಂಡರ್ ತಂದಿದ್ದ. ಬ್ರ್ಯಾಂಡ್ ಇಲ್ಲೂ ಸಿಗೋದೇ. ಎಂಟು ತಿಂಗಳಿಗೆ ನಿಂತುಹೋಯ್ತು. ಇಲ್ಲಿನ ಸರ್ವಿಸ್ ಸೆಂಟರ್‌ನಲ್ಲಿ ಕೇಳಿದರೆ, ಸೀರಿಯಲ್ ನಂಬರ್ ನಮ್ಮ ಸಿಸ್ಟಮ್‌ನಲ್ಲೇ ಇಲ್ಲ ಅಂದ್ರು.

ಇದು ಮೋಸ ಅಲ್ಲ, ಪದ್ಧತಿ. ಸಣ್ಣ ಅಡುಗೆ ಸಾಮಾನುಗಳ ವಾರಂಟಿ ಹೆಚ್ಚಾಗಿ ಮಾರಾಟವಾದ ದೇಶಕ್ಕೆ ಸೀಮಿತ. ಯುಎಇಯ ಕರೆಂಟು ನಮ್ಮ ಹಾಗೇ 230 ವೋಲ್ಟ್ ಆಸುಪಾಸು, 50 ಹರ್ಟ್ಜ್. ಹಾಗಾಗಿ ಸಾಮಾನು ಇಲ್ಲಿ ಓಡತ್ತೆ, ಪ್ಲಗ್ ಮಾತ್ರ ಚೌಕ ಪಿನ್ನಿಂದು, ಅದಕ್ಕೊಂದು ಅಡಾಪ್ಟರ್ ಹಾಕ್ತೀವಿ. ಓಡತ್ತೆ ಅನ್ನೋದೇ ನಮ್ಮನ್ನ ಮರುಳು ಮಾಡೋದು, ವಾರಂಟಿನೂ ಓಡತ್ತೆ ಅಂದ್ಕೊಳ್ತೀವಿ. ಕಾರ್ಡಿನಲ್ಲಿ "ಇಂಟರ್‌ನ್ಯಾಷನಲ್ ವಾರಂಟಿ" ಅಂತ ಸ್ಪಷ್ಟವಾಗಿ ಇದ್ದು, ಅದರಲ್ಲಿ ಭಾರತದ ಹೆಸರೂ ಇದ್ದರೆ ಮಾತ್ರ ನಂಬಿ. ಇಲ್ಲ ಅಂದ್ರೆ, ಅಣ್ಣ ವಾಪಸ್ ಹೋಗುವಾಗ ಬ್ಯಾಗಲ್ಲಿ ಹಾಕಿ ಕಳಿಸೋದೊಂದೇ ದಾರಿ. ನನ್ನ ಗೆಳತಿಯ ಮನೆಯವರು ಅದನ್ನೇ ಮಾಡಿದ್ರು. ಅದು ರಿಪೇರಿಯಾಗಿ ಮತ್ತೆ ಭಟ್ಕಳಕ್ಕೆ ಬರೋ ಹೊತ್ತಿಗೆ ರಂಜಾನ್ ಮುಗಿದಿತ್ತು.

ಮೂರನೇದು ದೂರ. ಸಣ್ಣ ಸಾಮಾನಿಗೆ ಹೆಚ್ಚಾಗಿ "ಕ್ಯಾರಿ ಇನ್" ವಾರಂಟಿ, ಅಂದ್ರೆ ನೀವೇ ಹೊತ್ತುಕೊಂಡು ಹೋಗಬೇಕು. ಫ್ರಿಜ್‌ಗೆ ಮನೆಗೆ ಬರ್ತಾರೆ, ಕೆಟಲ್‌ಗೆ ಬರಲ್ಲ. ಕೆಲವು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಹುಬ್ಬಳ್ಳಿಯಲ್ಲೋ ಮಂಗಳೂರಲ್ಲೋ ಇರತ್ತೆ. 1,500 ರೂಪಾಯಿ ಕೆಟಲ್ ಹಿಡ್ಕೊಂಡು ಕುಮಟಾದಿಂದ ಹುಬ್ಬಳ್ಳಿಗೆ ಹೋಗಿ ಬಂದರೆ ಬಸ್ ಚಾರ್ಜು, ಒಂದು ದಿನದ ಕೂಲಿ ಸೇರಿ ಏನು ಉಳಿಯತ್ತೆ? ಅದಕ್ಕೇ ನಾನು ಈಗ ಯಾವುದೇ ಸಾಮಾನು ಕೊಳ್ಳುವಾಗ ಮೊದಲು ಕೇಳೋದು ಎಷ್ಟು ವರ್ಷ ಅಂತಲ್ಲ, ಸರ್ವಿಸ್ ಎಲ್ಲಿ ಅಂತ. ಕಂಪನಿಯ ವೆಬ್‌ಸೈಟ್‌ನಲ್ಲಿ ನಿಮ್ಮ ಪಿನ್‌ಕೋಡ್ ಹಾಕಿದರೆ ಗೊತ್ತಾಗತ್ತೆ. 5 ವರ್ಷ ವಾರಂಟಿ ಕೊಟ್ಟು ಸರ್ವಿಸ್ ಸೆಂಟರ್ 150 ಕಿಲೋಮೀಟರ್ ಆಚೆ ಇರೋ ಬ್ರ್ಯಾಂಡಿಗಿಂತ, 1 ವರ್ಷ ಕೊಟ್ಟು ಹೊನ್ನಾವರ ಪೇಟೆಯಲ್ಲೇ ಜನ ಇರೋ ಬ್ರ್ಯಾಂಡ್ ಮೇಲು. ಇದು ನನ್ನ ಅಭಿಪ್ರಾಯ, ನೀವು ಒಪ್ಪದಿದ್ದರೂ ಸರಿ.

ಇನ್ನು ಬಿಲ್. ಅಂಗಡಿಯಲ್ಲಿ ಕೇಳಿರ್ತೀರಿ, "ತಂಗಿ, ಬಿಲ್ ಬೇಕಾ? ಬಿಲ್ ಬೇಡ ಅಂದ್ರೆ ಇನ್ನೂರು ಕಮ್ಮಿ ಮಾಡ್ಕೊಡ್ತೆ." ಮಿಕ್ಸಿಗೆ ಜಿಎಸ್‌ಟಿ 18%. ಅವರು ಬಿಡೋ ಇನ್ನೂರು ರೂಪಾಯಿ ಎಲ್ಲಿಂದ ಬರತ್ತೆ ಅಂತ ಕಾಮರ್ಸ್ ಓದದವರಿಗೂ ಅರ್ಥ ಆಗತ್ತೆ. ಬಿಲ್ ಇಲ್ಲದಿದ್ದರೆ ವಾರಂಟಿ ಯಾವ ದಿನ ಶುರುವಾಯ್ತು ಅನ್ನೋದಕ್ಕೇ ಆಧಾರ ಇಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಬಿಲ್ ಕೊಡದೇ ಇರೋದು ಅನುಚಿತ ವ್ಯಾಪಾರ ಪದ್ಧತಿ. ಕಲಂ 2(47) ತೆಗೆದು ನೋಡಿ.

ಅದೇ ಕಲಂನಲ್ಲಿ ಇನ್ನೊಂದು ಇದೆ. ದೋಷ ಇರೋ ಸಾಮಾನನ್ನ ಬಿಲ್ಲಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಏನೂ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಂಡು ದುಡ್ಡು ಕೊಡೋಕೆ ನಿರಾಕರಿಸಿದರೆ ಅದೂ ಅನುಚಿತ ವ್ಯಾಪಾರವೇ. ಗಮನ ಇರಲಿ, ದೋಷ ಇರೋ ಸಾಮಾನು. ಬಣ್ಣ ಇಷ್ಟ ಆಗಲಿಲ್ಲ, ಅತ್ತಿಗೆ ಮನೆಯಲ್ಲಿ ಇದಕ್ಕಿಂತ ಚಂದದ್ದು ಇದೆ, ಅನ್ನೋದಕ್ಕೆಲ್ಲ ಇದು ಬರಲ್ಲ. ಆದರೆ "ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ" ಅಂತ ಗೋಡೆ ಮೇಲೆ ಬೋರ್ಡ್ ಹಾಕಿದ ಮಾತ್ರಕ್ಕೆ, ಮೊದಲ ದಿನವೇ ಹೊಗೆ ಬಂದ ಮಿಕ್ಸಿಯನ್ನ ನೀವೇ ಇಟ್ಕೊಳ್ಳಬೇಕು ಅಂತ ಏನೂ ಇಲ್ಲ.

ಬಿಲ್ ತಗೊಂಡ ಮೇಲೂ ಒಂದು ಕೆಲಸ ಉಳಿದಿರತ್ತೆ. ಈಗಿನ ಎಷ್ಟೋ ಬಿಲ್ ಥರ್ಮಲ್ ಪೇಪರ್ ಮೇಲೆ ಬರೋದು, ಬಸ್ ಟಿಕೆಟ್ ಥರ. ಅಡುಗೆಮನೆ ಬಿಸಿಗೆ ಒಂದು ವರ್ಷದಲ್ಲಿ ಬಿಳಿ ಹಾಳೆ ಆಗಿರತ್ತೆ. ಬಿಲ್ಲು, ಸೀಲ್ ಹಾಕಿದ ಕಾರ್ಡು, ತಳದಲ್ಲಿರೋ ಸೀರಿಯಲ್ ನಂಬರ್, ಮೂರಕ್ಕೂ ಫೋಟೊ ತೆಗೆದು ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿಬಿಡಿ. ಗುಡ್ ಮಾರ್ನಿಂಗ್ ಹೂವಿನ ನಡುವೆ ಇದೂ ಇರಲಿ. ಆನ್‌ಲೈನ್‌ನಲ್ಲಿ ಕೊಂಡರೆ ಇನ್ವಾಯ್ಸ್ ಡೌನ್‌ಲೋಡ್ ಮಾಡ್ಕೊಳ್ಳಿ, ಅದರಲ್ಲಿ ಮಾರಿದವರು ಯಾರು ಅಂತ ನೋಡಿ. ಆ್ಯಪ್‌ನ ಹೆಸರು ಬೇರೆ, ಮಾರೋರ ಹೆಸರು ಬೇರೆ ಇರತ್ತೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆ್ಯಪ್‌ನವರ ದೂರು ಅಧಿಕಾರಿ ನಿಮ್ಮ ದೂರನ್ನ 48 ಗಂಟೆಯೊಳಗೆ ಸ್ವೀಕರಿಸಿದ್ದೇವೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಪ್ರೆಷರ್ ಕುಕ್ಕರ್ ಬಗ್ಗೆ ಒಂದೇ ಮಾತು, ಯಾಕಂದ್ರೆ ಅದು ವಾರಂಟಿಗಿಂತ ಜೀವದ ವಿಷಯ. 2021ರ ಫೆಬ್ರವರಿ 1ರಿಂದ ಮನೆ ಬಳಕೆಯ ಪ್ರೆಷರ್ ಕುಕ್ಕರ್‌ಗೆ ಐಎಸ್‌ಐ ಗುರುತು ಕಡ್ಡಾಯ. ಆ ಗುಣಮಟ್ಟ ಇಲ್ಲದ ಕುಕ್ಕರ್ ಮಾರಾಟಕ್ಕೆ ಬಿಟ್ಟಿದ್ದಕ್ಕೆ 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ದೊಡ್ಡ ಆನ್‌ಲೈನ್ ಮಾರಾಟ ತಾಣಗಳಿಗೇ ತಲಾ 1 ಲಕ್ಷ ರೂಪಾಯಿ ದಂಡ ಹಾಕಿತ್ತು. ನಮ್ಮ ಕುಚ್ಚಲಕ್ಕಿಗೆ ಬೇಕಾಗೋ ವಿಷಲ್ ಲೆಕ್ಕ ನೋಡಿದರೆ, ಕುಕ್ಕರ್ ರಿಂಗ್‌ನಲ್ಲಿ ಮೂವತ್ತು ರೂಪಾಯಿ ಉಳಿಸೋಕೆ ಹೋಗಬೇಡಿ.

ಸರಿ, ಆಯಿಯ ಮಿಕ್ಸಿಗೆ ವಾಪಸ್ ಬರ್ತೀನಿ.

ಬಿಕಾಂನಲ್ಲಿ ನಮಗೆ 1930ರ ಸರಕು ಮಾರಾಟ ಕಾಯ್ದೆ ಇತ್ತು. ಕಂಡೀಷನ್‌ಗೂ ವಾರಂಟಿಗೂ ವ್ಯತ್ಯಾಸ ಬರೆಯಿರಿ ಅನ್ನೋ ಪ್ರಶ್ನೆ ಬಂದೇ ಬರ್ತಿತ್ತು. ಕಂಡೀಷನ್ ಅಂದ್ರೆ ವ್ಯವಹಾರದ ಬೇರು, ಅದು ಮುರಿದರೆ ಸಾಮಾನನ್ನೇ ನಿರಾಕರಿಸಬಹುದು. ವಾರಂಟಿ ಅಂದ್ರೆ ಅದಕ್ಕೆ ಅಂಟಿಕೊಂಡ ಮಾತು, ಮುರಿದರೆ ನಷ್ಟಪರಿಹಾರ ಕೇಳಬಹುದು, ಅಷ್ಟೇ. ಬಾಯಿಪಾಠ ಮಾಡಿ ಬರೆದಿದ್ದೆ. ಮನೆಯಲ್ಲಿ ಮಿಕ್ಸಿ ಸುಟ್ಟಾಗ ಅದು ಒಂದು ಚೂರೂ ನೆನಪಿಗೆ ಬರಲಿಲ್ಲ.

ಆ ಹುಡುಗ ಹೋದ ಮೂರನೇ ದಿನ ಆಯಿಗೆ ಆರ್ಡರ್ ಇತ್ತು. ಕಾಯೋಕೆ ಪುರುಸೊತ್ತಿಲ್ಲ. ಪೇಟೆಯ ರಿಪೇರಿಯವರ ಹತ್ತಿರ ಕೊಟ್ಟು 1,350 ರೂಪಾಯಿಗೆ ಮೋಟರ್ ವೈಂಡಿಂಗ್ ಮಾಡಿಸಿದ್ವಿ. ಕೆಲಸ ಚೆನ್ನಾಗೇ ಮಾಡಿಕೊಟ್ರು. ಆದರೆ ಕಾರ್ಡಿನಲ್ಲಿ ಇನ್ನೊಂದು ಸಾಲಿತ್ತು: ಅಧಿಕೃತರಲ್ಲದವರು ಬಿಚ್ಚಿದರೆ ವಾರಂಟಿ ರದ್ದು. ಉಳಿದ 10 ತಿಂಗಳನ್ನ ನಾವೇ ಕೈಯಾರೆ ಮುಗಿಸಿದ್ವಿ. ಸುಟ್ಟ ತಂತಿಯೂ ಕಸಕ್ಕೆ ಹೋಯ್ತು. ನಾಳೆ ಯಾರಾದರೂ ದೋಷ ಎಲ್ಲಿತ್ತು ತೋರಿಸಿ ಅಂದ್ರೆ ತೋರಿಸೋಕೆ ಏನೂ ಇಲ್ಲ.

ಕಾಯ್ದೆಯಲ್ಲಿ ಏನಿದೆ ಅಂತ ನಾನು ನೋಡಿದ್ದು ಇದೆಲ್ಲ ಆದ ಮೇಲೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಅಂತ 2019ರ ಕಾಯ್ದೆ ಹೇಳತ್ತೆ, ನಿಜ. ಆದರೆ ಅಲ್ಲೇ ಕೆಳಗೆ ವಿವರಣೆ ಇದೆ: ಸ್ವಯಂ ಉದ್ಯೋಗದಿಂದ ತನ್ನ ಜೀವನೋಪಾಯ ನಡೆಸೋದಕ್ಕಾಗಿಯೇ ಕೊಂಡು ಬಳಸೋದು "ವಾಣಿಜ್ಯ ಉದ್ದೇಶ" ಅಲ್ಲ. ಅಂದ್ರೆ ಹಪ್ಪಳ ಮಾಡೋ ಅಕ್ಕ, ಹೊಲಿಗೆ ಮಷೀನ್ ಇಟ್ಕೊಂಡ ಚಿಕ್ಕಮ್ಮ, ಮಸಾಲೆ ಪ್ಯಾಕೆಟ್ ಕಟ್ಟೋ ನನ್ನ ಆಯಿ, ಇವರು ಗ್ರಾಹಕರೇ ಅಂತ ವಾದ ಮಾಡೋಕೆ ಕಾನೂನಿನಲ್ಲೇ ಜಾಗ ಇದೆ.

ಇಲ್ಲಿ ಒಂದು ಗಂಟು ಇದೆ, ಮುಚ್ಚಿಡಲ್ಲ. ಕಾಯ್ದೆ ಆಯಿಯನ್ನ ಗ್ರಾಹಕಿ ಅಂದ ಮಾತ್ರಕ್ಕೆ ಕಾರ್ಡಿನ "ಮನೆ ಬಳಕೆಗೆ ಮಾತ್ರ" ಅನ್ನೋ ಷರತ್ತು ತನ್ನಷ್ಟಕ್ಕೆ ಬಿದ್ದು ಹೋಗಲ್ಲ. ದೂರು ಕೊಡೋ ಹಕ್ಕು ಒಂದು, ಗೆಲ್ಲೋದು ಇನ್ನೊಂದು. ದಿನಕ್ಕೆ ಎಷ್ಟು ಹೊತ್ತು ಓಡಿಸ್ತಿದ್ರು, ಮೋಟರ್ ಕೆಟ್ಟಿದ್ದು ಅದರಿಂದಲೇನಾ, ಮಾರುವಾಗ ಈ ಷರತ್ತು ಹೇಳಿದ್ರಾ, ಇದನ್ನೆಲ್ಲ ಆಯೋಗ ನೋಡತ್ತೆ. ಆದರೆ ಬಾಗಿಲಲ್ಲೇ ನಿಂತು "ನೀವು ಬಿಸಿನೆಸ್" ಅಂತ ಹೇಳಿ ದೂರು ಕ್ಲೋಸ್ ಮಾಡಿದಾಗ ಸುಮ್ಮನೆ ತಲೆ ಆಡಿಸಬೇಕಾಗಿರಲಿಲ್ಲ.

ಮತ್ತೆ ಏನು ಮಾಡಬೇಕಿತ್ತು? ಆ ಹುಡುಗನ ಹತ್ತಿರ ಜಾಬ್ ಶೀಟ್ ಕೇಳಬೇಕಿತ್ತು. ಯಾವ ಕಾರಣಕ್ಕೆ ವಾರಂಟಿ ಇಲ್ಲ ಅಂತ ಬರಹದಲ್ಲಿ. ಬಾಯಿಮಾತಿಗೆ ಎದುರಾಗಿ ಯಾರೂ ದೂರು ಬರೆಯೋಕೆ ಆಗಲ್ಲ. ಆಮೇಲೆ ಕಂಪನಿಗೆ ಇಮೇಲ್. ಆಮೇಲೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ಅವರು ತೀರ್ಪು ಕೊಡಲ್ಲ, ನಿಮ್ಮ ದೂರನ್ನ ಕಂಪನಿಗೆ ಕಳಿಸಿ ಉತ್ತರ ಕೇಳ್ತಾರೆ. ಆದರೆ ನಮ್ಮ ಫೋನಿಗೆ ಹಾಡು ಕೇಳಿಸಿ ಹೋಲ್ಡ್‌ನಲ್ಲಿ ಇಡೋ ಕಂಪನಿಗಳು ಅಲ್ಲಿಂದ ಬಂದ ದೂರಿಗೆ ಸ್ವಲ್ಪ ಬೇಗ ಎದ್ದು ಕೂರ್ತಾವೆ.

ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಉತ್ತರ ಕನ್ನಡದ್ದು ಕಾರವಾರದಲ್ಲಿದೆ. ಭಟ್ಕಳದವರಿಗೆ ನೂರು ಕಿಲೋಮೀಟರ್‌ಗಿಂತ ಹೆಚ್ಚು, ನೆನೆಸ್ಕೊಂಡ್ರೇ ಸುಸ್ತು. ಆದರೆ 2019ರ ಕಾಯ್ದೆಯಲ್ಲಿ ಒಂದು ಒಳ್ಳೇ ಬದಲಾವಣೆ ಇದೆ: ಕಂಪನಿ ಎಲ್ಲೇ ಇರಲಿ, ಸಾಮಾನು ಎಲ್ಲೇ ಕೊಂಡಿರಲಿ, ನೀವು ವಾಸ ಮಾಡೋ ಅಥವಾ ಕೆಲಸ ಮಾಡೋ ಜಿಲ್ಲೆಯಲ್ಲೇ ದೂರು ಹಾಕಬಹುದು. ಬೆಂಗಳೂರಲ್ಲಿ ಕೆಲಸ ಮಾಡ್ತಾ ಊರಿಗೆ ಮಿಕ್ಸಿ ಕಳಿಸೋ ನೀವು ಅಲ್ಲಿಂದಲೂ ಹಾಕಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ವಕೀಲರು ಬೇಕೇಬೇಕು ಅಂತಿಲ್ಲ. ಆನ್‌ಲೈನ್‌ನಲ್ಲೇ ಸಲ್ಲಿಸಬಹುದು, 2025ರಿಂದ ಇ-ಜಾಗೃತಿ ಅನ್ನೋ ಪೋರ್ಟಲ್ ಬಂದಿದೆ. ವಿಚಾರಣೆಗೆ ವಿಡಿಯೊ ಮೂಲಕ ಹಾಜರಾಗ್ತೀನಿ ಅಂತ ಕಾರಣ ಕೊಟ್ಟು ಅರ್ಜಿ ಹಾಕಬಹುದು. ಸಮಸ್ಯೆ ಹುಟ್ಟಿದ ದಿನದಿಂದ 2 ವರ್ಷದ ಒಳಗೆ ಹಾಕಬೇಕು, ಇದನ್ನ ಮಾತ್ರ ಮರೀಬೇಡಿ. ಕಾಯ್ದೆ ಪ್ರಕಾರ 3 ತಿಂಗಳಲ್ಲಿ, ಸಾಮಾನನ್ನ ಲ್ಯಾಬ್‌ಗೆ ಕಳಿಸೋದಿದ್ದರೆ 5 ತಿಂಗಳಲ್ಲಿ ಮುಗಿಸೋಕೆ ನೋಡಬೇಕು. ಕಾಗದದ ಮೇಲೆ.

ನಾನು ದೂರು ಹಾಕೋಣ ಅಂದೆ. ಆಯಿ ಬೇಡ ಅಂದ್ಲು. "1,350 ರೂಪಾಯಿಗೆ ಕೋರ್ಟು ಕಚೇರಿ ಅಂತ ಎಂತಕ್ಕೆ ಓಡಾಡೂದು, ಆ ಹೊತ್ತಿಗೆ ನಾಲ್ಕು ಕೇಜಿ ಪುಡಿ ಮಾಡ್ತೆ." ಲೆಕ್ಕದಲ್ಲಿ ಅವಳೇ ಸರಿ. ಆದರೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ, ಎಲ್ಲರೂ ಇದೇ ಲೆಕ್ಕ ಹಾಕ್ತಾರೆ ಅನ್ನೋದು ಕಂಪನಿಗೂ ಗೊತ್ತು. ಈ ವಿಷಯದಲ್ಲಿ ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ.

ಈಗ ಪುಡಿ ಮಾಡೋಕೆ ಬೇರೆ ಮಷೀನ್ ತಂದಿದ್ದೀವಿ, ಹೆವಿ ಡ್ಯೂಟಿಯದ್ದು. ವಾರಂಟಿ ಬರೀ 1 ವರ್ಷ, ಆದರೆ ಮಸಾಲೆ ಮಾರೋದಕ್ಕೆ ಅಂತ ಅಂಗಡಿಯವರಿಗೆ ಮೊದಲೇ ಹೇಳಿ, ಕಾರ್ಡಿನ ಹಿಂದಿನ ಪುಟ ಅಲ್ಲೇ ಕೌಂಟರ್ ಮೇಲೆ ಇಟ್ಟು ಓದಿ ತಂದೆ. ಹಿಂದೆ ನಾಲ್ಕು ಜನ ಕಾಯ್ತಾ ನಿಂತಿದ್ರು. ಅಂಗಡಿಯವರು ಎರಡು ಸಲ ಕೆಮ್ಮಿದ್ರು. ಓದಿಯೇ ತಂದೆ. ಹಳೇ ಮಿಕ್ಸಿಯಲ್ಲಿ ಆಯಿ ಈಗ ಸಾರಿಗೆ ಕಾಯಿ ಮಾತ್ರ ಬೀಸ್ತಾಳೆ, ವೈಂಡಿಂಗ್ ಮಾಡಿದ ಮೇಲೆ ಒಂದು ದಿನವೂ ತಕರಾರು ಮಾಡಿಲ್ಲ.

ನಿಮ್ಮ ಮನೆಯಲ್ಲಿ ಹೀಗೆ ವಾರಂಟಿ ಇಲ್ಲ ಅಂದ ಕತೆ ಇದ್ದರೆ ವಾಯ್ಸ್ ಮೆಸೇಜ್ ಕಳಿಸಿ. ಯಾವ ಕಾರಣ ಕೊಟ್ರು ಅನ್ನೋದನ್ನ ಹೇಳಿ, ಕಂಪನಿಯ ಹೆಸರು ಬೇಡ. ಮುಂದಿನ ವಾರ ಎಕ್ಸ್‌ಟೆಂಡೆಡ್ ವಾರಂಟಿ ಬಗ್ಗೆ ಮಾತಾಡೋಣ. 3,000 ರೂಪಾಯಿ ಸಾಮಾನಿಗೆ 600 ರೂಪಾಯಿ ಕೊಟ್ಟು ಅದನ್ನ ತಗೊಂಡೋರು ನಿಮ್ಮಲ್ಲಿ ಯಾರಾದ್ರೂ ಇದ್ದರೆ, ಆ ಕಾಗದವನ್ನ ಈಗಲೇ ಹುಡುಕಿ ಇಟ್ಕೊಳ್ಳಿ.